ನಾಳೆ ಫೋನ್ ಮಗ್ಗದ ಹತ್ತಿರ ಬೇಡ

ಅತ್ತೆಯವರಿಗೆ ಅರುಣಾಳ ನಮಸ್ಕಾರ.

ಫೋನಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ, ಅದಕ್ಕೇ ಬರೆದು ಫೋಟೋ ಕಳಿಸ್ತಿದ್ದೀನಿ. ಹಡಗಿನಲ್ಲೇ ಕೂತು ಕಲ್ಲು ಪರೀಕ್ಷೆ ಮಾಡ್ತೀನಿ ಅಂದಿದ್ದೆನಲ್ಲ, ಅದು ಅರ್ಧ ನಿಜ. ನಾಳೆ ಬೆಳಿಗ್ಗೆ ನಾವು ಮೂವರು ಒಂದು ಪುಟ್ಟ ಜಲಾಂತರ್ಗಾಮಿಯಲ್ಲಿ ಕಡಲ ತಳಕ್ಕೆ ಇಳೀತೀವಿ, ಮೂರು ಕಿಲೋಮೀಟರ್ ಆಳ. ಅಲ್ಲಿ ಜ್ವಾಲಾಮುಖಿಯ ಬಿರುಕುಗಳಿಂದ ಕಪ್ಪು ನೀರು ಉಕ್ಕುತ್ತೆ, ನಮ್ಮ ನೂಲಿಗೆ ಬಣ್ಣ ಹಾಕೋ ಕೊಪ್ಪರಿಗೆ ಥರ. ಅದನ್ನ ಕಣ್ಣಾರೆ ನೋಡಬೇಕು ಅಂತಲೇ ಇಷ್ಟು ವರ್ಷ ಓದಿದ್ದು. ಆದ್ರೂ ಮೂರು ದಿನದಿಂದ ನಿದ್ದೆ ಇಲ್ಲ. ನಿಮ್ಮ ಮಗನಿಗೆ ಗೊತ್ತು. ಹೇಳಬೇಡಿ ಅಂದವಳು ನಾನೇ, ಅವರನ್ನ ಬೈಬೇಡಿ.

ಮಗು ಚಾರ್ವಿಗೆ ರಾಗಿ ಸರಿ ಆರಿಸಿ ಕೊಡಿ. ನನ್ನ ಹಾಲಿಗೆ ಹಠ ಮಾಡಿದ್ರೆ ಮಗ್ಗದ ಸದ್ದಿರೋ ಕಡೆ ಎತ್ಕೊಂಡು ಹೋಗಿ, ಮಲಗಿಬಿಡ್ತಾಳೆ.

ಇಲ್ಲಿ ಒಂದು ಫಾರಂ ಕೊಟ್ಟಿದ್ರು, ಏನಾದ್ರೂ ಆದ್ರೆ ಮೊದಲು ಯಾರಿಗೆ ತಿಳಿಸಬೇಕು ಅಂತ. ನಮ್ಮಮ್ಮನ ಹೆಸರು ಬರೆದು, ಹೊಡೆದುಹಾಕಿ, ನಿಮ್ಮದು ಬರೆದೆ. ಅಮ್ಮ ಕೂಗಿಕೊಂಡು ಬೀದಿಗೆ ಓಡ್ತಾರೆ. ನೀವು ಮೊದಲು ಮಗುನ ಎತ್ಕೊಳ್ತೀರಿ. ಆದ್ರೆ ನೀವು ಫೋನ್ ಮಗ್ಗದ ಪಕ್ಕ ಇಟ್ಬಿಡ್ತೀರಿ, ಹತ್ತು ಸಲ ಹೊಡ್ಕೊಂಡ್ರೂ ಕೇಳಿಸಲ್ಲ. ನಾಳೆ ಒಂದಿನ ಅಡುಗೆಮನೆಯಲ್ಲಿ ಇಡಿ.

ಸಂಜೆ ಏಳಕ್ಕೆ ಮೇಲೆ ಬಂದು ನಾನೇ ಫೋನ್ ಮಾಡ್ತೀನಿ. "ಏನೇ, ಹಸುಗೂಸಿನ ತಾಯಿ ಮಾಡೋ ಕೆಲಸಾನಾ ಇದು?" ಅಂತ ಬೈಯಿರಿ, ಪೂರ್ತಿ ಕೇಳ್ತೀನಿ. ಅದಕ್ಕೂ ಮುಂಚೆ ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ, ಅದು ನಾನಲ್ಲ. ಆಗ ಮೊದಲು ಚಾರ್ವಿಯ ಹೊಟ್ಟೆ ತುಂಬಿಸಿ, ಆಮೇಲೆ ಮನೆಯವರಿಗೆ ಹೇಳಿ.

ನಿಮ್ಮ ಸೊಸೆ,
ಅರುಣಾ