ಮಾತ್ರೆ ಬಿಡಿಸಿದ ಬ್ರೆಡ್ಡು

ಸಿಡುಕು ಮೋರೆಯ ನನ್ನ ಅಪ್ಪನಿಗೆ,

ಆಸ್ಪತ್ರೆಗೆ ಬಂದು ನಿನ್ನ ಮಂಚದ ಪಕ್ಕ ನಿಂತರೆ ಇಬ್ಬರಿಗೂ ಜಗಳವೇ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕೂತರೂ ನಿನ್ನನ್ನು ಬೈಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ನಾನು ಬೇಕರಿ ಕೆಲಸಕ್ಕೆ ಸೇರಿದಾಗಿನಿಂದ ಅದರ ಬಗ್ಗೆ ನೀನು ಒಂದು ಒಳ್ಳೆಯ ಮಾತು ಆಡಿದವನಲ್ಲ. "ಹಿಟ್ಟು ನಾದೋಕೆ ಇಷ್ಟೆಲ್ಲಾ ಓದ್ಬೇಕಿತ್ತಾ?" ಎಂದಿದ್ದೆ. ನಿನಗೆ ಸಕ್ಕರೆ ಕಾಯಿಲೆ ಎಂದು ತಿಳಿದ ಹೊತ್ತಿಗೆ ನಮ್ಮ ಬೇಕರಿಗೆ ಒಂದು ಹೊಸ ಪಿಷ್ಟ ಬಂದಿತ್ತು. ಮೆಕ್ಕೆಜೋಳದ್ದೇ, ಆದರೆ ಬೇಗ ಜೀರ್ಣವಾಗದಂತೆ ಕಾರ್ಖಾನೆಯಲ್ಲಿ ಮಾರ್ಪಡಿಸಿದ್ದು. ಹಿಟ್ಟನ್ನು ಸ್ವಲ್ಪ ಕಡಿಮೆ ಮಾಡಿ ಅದನ್ನು ಬೆರೆಸಿದರೆ, ತಿಂದ ಮೇಲೆ ರಕ್ತದಲ್ಲಿ ಸಕ್ಕರೆ ದಿಢೀರನೆ ಏರುವುದಿಲ್ಲವಂತೆ. ಕೊಲೆಸ್ಟ್ರಾಲೂ ಇಳಿಯಬಹುದಂತೆ.

ಅದನ್ನು ಬೆರೆಸಿ ನಿನಗೆಂದು ಮಾಡಿದ ಮೊದಲ ಬ್ರೆಡ್ಡು ಇಟ್ಟಿಗೆಯಂತಾಯಿತು. ನೀನು ತುಟಿ ಪಿಟಕ್ಕೆನ್ನದೆ ತಿಂದೆ. ಆಮೇಲಾಮೇಲೆ ಹದ ಸಿಕ್ಕಿತು. ರಕ್ತಪರೀಕ್ಷೆಯಲ್ಲಿ ಊಟದ ನಂತರದ ಸಕ್ಕರೆ ಇಳಿದಿತ್ತು, ಕೊಲೆಸ್ಟ್ರಾಲ್ ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರಮ್ಮ "ಕೊಬ್ಬು ಇಳಿದಿಲ್ಲ" ಎಂದಾಗ ಅಮ್ಮ, "ಇವರ ಕೊಬ್ಬು ಇಳಿಯೋದನ್ನ ಮದುವೆ ಆದಾಗಿಂದ ಕಾಯ್ತಿದೀನಿ" ಎಂದಳು. ನೀನೂ ನಕ್ಕಿದ್ದೆ.

ಮೊನ್ನೆ ನೀನು ಬಚ್ಚಲಿನಲ್ಲಿ ಕುಸಿದೆ. ಸಕ್ಕರೆ ಮಿತಿಮೀರಿ ಏರಿತ್ತು. ನಿನ್ನ ಹಾಸಿಗೆ ಸರಿಮಾಡಲು ಹೋದ ಅಮ್ಮನಿಗೆ ದಿಂಬಿನ ಚೀಲದೊಳಗೆ ನೀನು ನುಂಗದ ಮಾತ್ರೆಗಳು ಸಿಕ್ಕವು.

"ಹಾಗಾದ್ರೆ ನನ್ನ ಬ್ರೆಡ್ಡು ಸುಳ್ಳಾ?" ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಸುಳ್ಳಲ್ಲಮ್ಮ. ಊಟ ಆದ್ಮೇಲಿನ ಏರಿಕೆನ ಸ್ವಲ್ಪ ತಗ್ಗಿಸುತ್ತೆ. ಮಾತ್ರೆ ಕೆಲಸ ಅದು ಮಾಡಲ್ಲ. ಕೊಲೆಸ್ಟ್ರಾಲ್ ಕೆಲವರಿಗೆ ಇಳಿಯುತ್ತೆ, ಕೆಲವರಿಗೆ ಇಲ್ಲ."

ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಇಂಥ ಬ್ರೆಡ್ಡನ್ನು ನಾನು ಇನ್ನು ಮಾಡಬೇಕೋ ಬಿಡಬೇಕೋ? ಅಮ್ಮ ಬೇಡವೇ ಬೇಡ ಎನ್ನುತ್ತಾಳೆ. ಡಾಕ್ಟರಮ್ಮ ಮಾಡು ಎನ್ನುತ್ತಾರೆ. ಯಾರ ಮಾತು ಕೇಳಲಿ ಅಪ್ಪ? ತಲೆ ಚಿಟ್ಟು ಹಿಡಿದಿದೆ.

ಇಷ್ಟು ಸಾಲದೆಂಬಂತೆ ನಿನ್ನೆ ನಿನ್ನ ಕ್ಷೌರದಂಗಡಿಯ ಗೆಳೆಯ ಬೇಕರಿಗೆ ಬಂದಿದ್ದರು. "ನಿಮ್ಮಪ್ಪ ಕುರ್ಚಿ ಮೇಲೆ ಕೂತ್ರೆ ಸಾಕು, ಬರೀ ನಿಂದೇ ಮಾತು. 'ನನ್ನ ಮಗಳ ಕೈಯಲ್ಲೇ ಔಷಧಿ ಇದೆ ಕಣಯ್ಯಾ, ಇನ್ನು ಮಾತ್ರೆ ಯಾಕೆ' ಅಂತಿದ್ದ" ಎಂದರು.

ಅಳು ಬಂತು, ನಗುವೂ ಬಂತು. ನನ್ನ ಮುಂದೆ ಒಂದು ದಿನವೂ ಬಾಯಿಬಿಡದವನು ಊರಿಗೆಲ್ಲಾ ಹೇಳಿಕೊಂಡು ತಿರುಗಿ, ಅದನ್ನೇ ನಂಬಿ ಜೀವಕ್ಕೆ ಕುತ್ತು ತಂದುಕೊಂಡೆಯಲ್ಲ! ಸಿಟ್ಟಾಗಲೋ, ಹಿಗ್ಗಲೋ? ಇನ್ನೂ ತಿಳಿದಿಲ್ಲ.

ನಾಳೆ ಬರುತ್ತೇನೆ. ನನ್ನ ಕಣ್ಣೆದುರೇ ಮಾತ್ರೆ ನುಂಗು. ಆಮೇಲೆ, ನಿನ್ನ ಗೆಳೆಯನಿಗೆ ಹೇಳಿದ ಮಾತನ್ನು ನನಗೂ ಒಂದು ಸಲ ಹೇಳು.

ನಿನ್ನ ಆಯಸ್ಸು ಗಟ್ಟಿಯಾಗಿರಲಿ.

ಹಿಟ್ಟು ನಾದುವ ನಿನ್ನ ಮಗಳು