ಹದಿಮೂರನೆಯ ಕಡ್ಡಿ

ಪಾಲಹಳ್ಳಿ
೨೨ ನವೆಂಬರ್ ೨೦೨೪

ಪ್ರೀತಿಯ ಯಶು,

ಹೇಗಿದ್ದೀಯಮ್ಮ? ನಿನ್ನ ಅಮ್ಮನ ಮಂಡಿ ಈಗ ಹೇಗಿದೆ? ಕೋಲು ಬಿಟ್ಟು ಹಿತ್ತಲವರೆಗೆ ನಡೆಯುತ್ತಾರೆ ಎಂದು ಶಿವು ಹೇಳಿದ. ಕೇಳಿ ಸಮಾಧಾನವಾಯಿತು. ಅವನು ಭಾನುವಾರ ಭಾನುವಾರ ಬೆಳ್ಳೂರಿಗೆ ಬಂದು ಹೋದಾಗಲೆಲ್ಲ ನಾನು ಕೇಳುವುದು ನಿನ್ನ ವಿಷಯ, ನನ್ನ ತಮ್ಮ ಹೇಳುವುದು ನಿನ್ನ ಅಮ್ಮನ ಮಂಡಿಯ ವಿಷಯ. ಫೋನು ಮಾಡಿದರೆ ನೀನು “ಎಲ್ಲ ಚೆನ್ನಾಗಿದೀವಿ ಅಕ್ಕ” ಎಂದು ಹೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕಾಗದವನ್ನು ಇನ್ನೊಬ್ಬರ ಕೈಗೆ ದಾಟಿಸುವುದು ಅಷ್ಟು ಸುಲಭವಲ್ಲ.

ಇಲ್ಲಿ ಎಲ್ಲರೂ ಆರೋಗ್ಯ. ನಾನು ಎಂದಿನಂತೆ ಏಳೂವರೆ ಬಸ್ಸಿಗೆ ಪಾಂಡವಪುರದ ಕಾಲೇಜಿಗೆ ಹೋಗಿ ಬರುತ್ತಿದ್ದೇನೆ. ಸಂಜೆ ಜಗಲಿಯಲ್ಲಿ ಕುಳಿತು ಏನಾದರೂ ಓದುತ್ತೇನೆ, ಆದರೆ ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದೇನೆ. ನೀನು ಎದುರಿಗೆ ಕುಳಿತು ಬಟ್ಟಲಿನ ಅಂಚು ಹೆಣೆಯುತ್ತಾ ಕೇಳುತ್ತಿದ್ದೆ. ಪದ್ಯ ಸುಮಾರಾಗಿದ್ದರೆ ನಿನ್ನ ಕೈ ತನ್ನ ಪಾಡಿಗೆ ಓಡುತ್ತಿತ್ತು, ಒಳ್ಳೆಯ ಸಾಲು ಬಂದರೆ ಈಚಲ ಗರಿ ಹಿಡಿದ ಬೆರಳು ಅಲ್ಲೇ ನಿಲ್ಲುತ್ತಿತ್ತು. ಎಂ.ಎ. ಮಾಡಿದವಳು ನಾನು, ಪರೀಕ್ಷೆ ಮಾಡುತ್ತಿದ್ದದ್ದು ನಿನ್ನ ಬೆರಳು. ಪಕ್ಕದ ಮನೆಯ ಪುಟ್ಟತಾಯಮ್ಮ ಮಜ್ಜಿಗೆಗೆ ಬಂದಾಗಲೆಲ್ಲ ಅಪ್ಪನಿಗೆ ಕೇಳುವ ಹಾಗೆ ಅನ್ನುತ್ತಾಳೆ: “ಆಸಾಡ ಮುಗ್ದು ಕಾರ್ತೀಕ ಬಂತು, ನಿಮ್ಮ ಸೊಸೆಗೆ ಇನ್ನೂವೆ ಆಸಾಡ್ವಾ?” ಅಪ್ಪ ಮರ ಕಡೆಯುವ ಲೇತಿನ ಸ್ವಿಚ್ಚು ಹಾಕಿಬಿಡುತ್ತಾರೆ. ಆ ಸದ್ದಿನಲ್ಲಿ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಯಶು, ನೀನು ಹೋದದ್ದು ಮಂಡಿಯ ನೆಪದಲ್ಲಿ ಎಂದು ನನಗೆ ಗೊತ್ತು. ಆ ದಿನ ನಾನೂ ಅಲ್ಲೇ ಇದ್ದೆ. ಮೈಸೂರಿನ ಅಂಗಡಿಯವರು ಬಂದು ಹಲಸಿನ ಮರದ ಬಟ್ಟಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಮರಕ್ಕಿಂತ ಹೆಚ್ಚಾಗಿ ಮೇಲಿನ ಹೆಣಿಗೆಯನ್ನೇ ಸವರುತ್ತಾ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಅಪ್ಪ, “ಬಟ್ಲು ನಮ್ದು. ಅಂಚು ಒರಗಿಂದ ತರಿಸ್ತೀವಿ” ಅಂದರು. ನೀನು ಒದ್ದೆ ಗರಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಗರಿಯಿಂದ ನೀರು ಹೊಸಿಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ನಾನು ಕೇಳಿದ್ದಕ್ಕೆ ಅಪ್ಪ ಹೇಳಿದ್ದು, ಆಚಾರ್ರ ಮನೆ ಸೊಸೆ ಬುಟ್ಟಿ ಹೆಣೆಯುತ್ತಾಳೆಂದು ನಾಲ್ಕು ಜನರೆದುರು ಹೇಗೆ ಹೇಳುವುದು ಎಂದು. ನಿಮ್ಮೂರಿನ ಮಂಚಯ್ಯ ಬುಟ್ಟಿ ಹೆಣೆಯುತ್ತಿದ್ದ ಜಗಲಿಯಲ್ಲಿ ಕುಳಿತು ನೀನು ಎಂಟು ವರ್ಷದವಳಾಗಿ ಕಲಿತ ವಿದ್ಯೆ ನಮ್ಮ ಮನೆಯ ಬಟ್ಟಲಿಗೆ ಕಿರೀಟವಾದದ್ದು ಅಪ್ಪನಿಗೆ ಬೇಕಿತ್ತು, ಅದು ಬಂದ ದಾರಿ ಬೇಡವಾಗಿತ್ತು. ಅವರದು ಅವರ ಕಾಲದ ತಪ್ಪು ಎನ್ನಬಹುದು. ನನ್ನದನ್ನು ಏನೆನ್ನಲಿ? ತರಗತಿಯಲ್ಲಿ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುವವಳು ಅಂದು ಬಂದವರಿಗೆ ಕಾಫಿ ತರಲು ಒಳಗೆ ಹೋದೆ. ನೀನು ಉಳಿದಿದ್ದ ಮೂರು ಬಟ್ಟಲಿನ ಅಂಚನ್ನೂ ಮುಗಿಸಿ, ಮುಂದಿನ ವಾರ ಹೊರಟೆ. ನಾಲ್ಕು ತಿಂಗಳಿಂದ ಆ ಕಾಫಿ ನನ್ನ ಗಂಟಲಲ್ಲಿದೆ.

ಇನ್ನು ಸುದ್ದಿಗೆ ಬರುತ್ತೇನೆ. ದಸರಾ ಕಳೆದ ಮೇಲೆ ಅಪ್ಪ ಒಂದು ಬಟ್ಟಲು ಕಡೆದರು, ಅಗಲ ಬಾಯಿ, ಅಂಗೈಯಲ್ಲಿ ಕೂರುವಂಥ ತಳ. ಶಿವು ಕೆ.ಆರ್. ಪೇಟೆಗೆ ಮರ ನೋಡಲು ಹೋದ ದಿನ ಆರಿಸಿ, ನಿನ್ನ ಗರಿಯ ಕಟ್ಟನ್ನು ಅಟ್ಟದಿಂದ ಇಳಿಸಿಕೊಂಡು ಹೆಣೆಯಲು ಕುಳಿತರು. ಎಪ್ಪತ್ತಾರು ವರ್ಷದ ಮನುಷ್ಯ ಬಾಗಿಲು ಓರೆ ಮಾಡಿಕೊಂಡು, ಕದ್ದು ಸಿಗರೇಟು ಸೇದುವ ಹುಡುಗನ ಹಾಗೆ. ನಾನು ಅಂದು ಕಾಲೇಜಿನಿಂದ ಬೇಗ ಬಂದಿದ್ದೆ. ನೋಡಿಯೂ ನೋಡದ ಹಾಗೆ ದಾಟಿಹೋದೆ. ಕೈವಾರ ಹಿಡಿದು ಬಟ್ಟಲಿನ ಬಾಯಿಯ ಸುತ್ತನ್ನು ಆರು ಪಾಲು ಮಾಡಿ, ಆರನ್ನು ಹನ್ನೆರಡು ಮಾಡಿ, ಹನ್ನೆರಡು ತೂತು ಕೊರೆದು ಹನ್ನೆರಡು ಬಿದಿರ ಕಡ್ಡಿ ನಿಲ್ಲಿಸಿದ್ದರು. ಒಂದೊಂದಕ್ಕೂ ಎದುರಿಗೆ ಸರಿಯಾಗಿ ಜೋಡಿ. ಅಪ್ಪನ ಅಳತೆ ನಿನಗೆ ಗೊತ್ತಲ್ಲ, ಕೂದಲೆಳೆಯಷ್ಟೂ ಆಚೀಚೆ ಇರುವುದಿಲ್ಲ. ಆದರೂ ಹೆಣಿಗೆ ನಿಲ್ಲಲಿಲ್ಲ. ಗರಿ ಒಂದು ಸುತ್ತು ಬಂದು ಎರಡನೆಯ ಸುತ್ತಿಗೆ ಹೊರಟರೆ ಮೊದಲು ಯಾವ ಕಡ್ಡಿಯ ಮುಂದೆ ಹೋಗಿತ್ತೋ ಮತ್ತೆ ಅದರ ಮುಂದೆಯೇ, ಯಾವುದರ ಹಿಂದೆ ಹೋಗಿತ್ತೋ ಅದರ ಹಿಂದೆಯೇ. ಒಂದರ ಮೇಲೊಂದು ಕೂತದ್ದೇ ಹೊರತು ಒಂದನ್ನೊಂದು ಹಿಡಿಯಲಿಲ್ಲ. ಬೆರಳಲ್ಲಿ ಎತ್ತಿದರೆ ಬಳೆಯ ಹಾಗೆ ಜಾರುತ್ತಿತ್ತು. ಬಿಚ್ಚಿದರು, ಮತ್ತೆ ಹೆಣೆದರು. ಹೀಗೆ ಎಂಟು ಹತ್ತು ದಿನ, ಶಿವು ಮನೆಯಲ್ಲಿಲ್ಲದ ಹೊತ್ತು ನೋಡಿ.

ಒಂದು ಬೆಳಿಗ್ಗೆ ನೀನು ಮುಗಿಸಿಟ್ಟಿದ್ದ ಬಟ್ಟಲುಗಳನ್ನು ಸಾಲಾಗಿ ನೆಲಕ್ಕಿಳಿಸಿ ಕಡ್ಡಿ ಎಣಿಸುತ್ತಾ ಕುಳಿತಿದ್ದರು. ಒಂದರಲ್ಲಿ ಹದಿಮೂರು, ಒಂದರಲ್ಲಿ ಹದಿನೇಳು, ಸಣ್ಣದರಲ್ಲಿ ಹನ್ನೊಂದು. ಎಲ್ಲದರಲ್ಲೂ ಜೋಡಿಯಿಲ್ಲದ ಒಂದು ಕಡ್ಡಿ. ನಿನಗೆ ನೆನಪಿದೆಯಲ್ಲ, ಆ ಒಂದು ತೂತಿಗಾಗಿ ಶಿವು ನಾಲ್ಕು ವರ್ಷ ತಿಂದ ಬೈಗುಳ? ಅವನು ಕಾಗದದ ಪಟ್ಟಿ ಸುತ್ತಿ ಮಡಿಸಿ ಗುರುತು ಹಾಕುವುದನ್ನು ಕಂಡರೆ ಅಪ್ಪ ರೇಗುತ್ತಿದ್ದರು: “ಕೈವಾರ ಇಡಿಯಾಕೆ ಬರಾಕಿಲ್ಲ, ದರ್ಜಿ ಅಂಗೆ ಪಟ್ಟಿ ಸುತ್ತಾನೆ. ಲೇ, ಅಳತೆ ಬರ್ದೇ ಇರೋನು ಆಚಾರಿ ಎಂಗ್ಲಾ ಆದೀಯ?” ಅಳತೆ ಬಾರದ ಮಗ ಎಂದೇ ಅವರು ತಿಳಿದಿದ್ದರು. ಅಂದು ಶಿವುವನ್ನು ಕರೆದು, ಇದು ತಪ್ಪಾಗಿ ಕೊರೆದದ್ದೋ ಬೇಕೆಂದು ಕೊರೆದದ್ದೋ ಎಂದು ಕೇಳಿದರು. ಯಶು ಹೇಳಿಕೊಟ್ಟದ್ದು, ಕಡ್ಡಿಗಳ ಲೆಕ್ಕ ಬೆಸವಾಗಿದ್ದರೇನೇ ಎರಡನೆಯ ಸುತ್ತು ಮೊದಲನೆಯದಕ್ಕೆ ಅಡ್ಡ ಬಂದು ಹಿಡಿಯುವುದು, ಎಂದ ಶಿವು. “ಮತ್ತೆ ನಾನು ಬೈವಾಗ ಯಾಕ್ಲಾ ಸುಮ್ಕಿದ್ದೆ?” ಅಂದರು ಅಪ್ಪ. “ಏಳಿದ್ರೆ ನೀವು ಒಪ್ತಿದ್ರಾ?” ಅಂದ.

ಅಪ್ಪ ಈ ಸಲ ಲೇತಿನ ಸ್ವಿಚ್ಚು ಹಾಕಲಿಲ್ಲ. ಹನ್ನೆರಡು ತೂತಿನ ಬಟ್ಟಲನ್ನು ತೆಗೆದುಕೊಂಡು ಹೋಗಿ ಕೋಳಿಗೆ ನೀರಿಡಲು ಪುಟ್ಟತಾಯಮ್ಮನಿಗೆ ಕೊಟ್ಟರು. ಅವಳು, “ಇಷ್ಟು ಚೆಂದದ್ರಲ್ಲಿ ನೀರ್ ಕುಡುದ್ರೆ ನಮ್ಮ ಕೋಳಿ ನಾಳಿಂದ ಮೊಟ್ಟೆ ಇಕ್ದೆ ಪದ ಏಳ್ತದೆ” ಅಂದಳು. ಎಷ್ಟೋ ದಿನದ ಮೇಲೆ ಅಪ್ಪ ನಕ್ಕರು. ಮಾರನೆಯ ದಿನ ಹೊಸ ಬಟ್ಟಲು ಕಡೆದು, ಕೈವಾರದಲ್ಲೇ ಹದಿಮೂರು ಪಾಲು ಮಾಡುತ್ತೇನೆಂದು ಹಟ ಹಿಡಿದು, ಮಧ್ಯಾಹ್ನದವರೆಗೂ ಗುರುತು ಹಾಕಿ ಉಜ್ಜಿ ಅಳಿಸಿ ಹಾಕಿ, ಕೊನೆಗೆ ಶಿವುವಿನ ಮುಂದೆ ಕೈ ಚಾಚಿ ಕಾಗದದ ಪಟ್ಟಿ ಕೇಳಿದರು. ಅವನು ಕೊಟ್ಟುಬಿಟ್ಟ. ನಾನಾಗಿದ್ದರೆ ಒಂದು ಮಾತು ಅಂದೇ ಕೊಡುತ್ತಿದ್ದೆ.

ಮೊನ್ನೆ ಮೈಸೂರಿನವರು ಮತ್ತೆ ಬಂದಿದ್ದರು. ಅಂಚು ಕಟ್ಟುವವರ ವಿಳಾಸ ಕೊಡಿ, ನೇರವಾಗಿ ಮಾತಾಡುತ್ತೇವೆ ಎಂದರು. ನಾನು ಈ ಸಲ ಕಾಫಿಗೆ ಏಳಲಿಲ್ಲ, ಬಾಯಿ ತೆರೆಯಬೇಕೆಂದೇ ಕುಳಿತಿದ್ದೆ. ಅಷ್ಟರಲ್ಲಿ ಅಪ್ಪ ತಲೆ ಎತ್ತದೆ, ಉಳಿ ಮಸೆಯುತ್ತಲೇ ಹೇಳಿದರು: “ನಮ್ಮ ಸೊಸೆ ಎಣೆಯೋದು. ನಾನು ಓದ್ಸಲ ಸುಳ್ಳು ಏಳ್ದೆ. ಅವಳು ಊರಲ್ಲಿಲ್ಲ, ಒಸ ಬಟ್ಲೂ ಇಲ್ಲ.” ಬಂದವರಿಗೆ ಏನೂ ಅರ್ಥವಾಗಲಿಲ್ಲ. ಮಜ್ಜಿಗೆಗೆ ಬಂದು ನಿಂತಿದ್ದ ಪುಟ್ಟತಾಯಮ್ಮನಿಗೆ ಅರ್ಥವಾಯಿತು. ಇಷ್ಟು ಹೊತ್ತಿಗೆ ಪಾಲಹಳ್ಳಿಗೆಲ್ಲ ಅರ್ಥವಾಗಿರುತ್ತದೆ.

ನಾನು ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ಹಾಗೆ ಕರೆಯುವ ಹಕ್ಕನ್ನು ಆ ಕಾಫಿಯ ಜೊತೆಗೇ ಕಳೆದುಕೊಂಡೆ. ಬರುವುದು, ಬಿಡುವುದು, ಬಂದರೆ ಯಾವ ಮಾತಿನ ಮೇಲೆ ಬರುವುದು, ಎಲ್ಲ ನಿನ್ನದು. ನಡೆದದ್ದು ನಿನಗೆ ತಿಳಿದಿರಲಿ ಎಂದು ಬರೆದೆ, ತಪ್ಪೊಪ್ಪಿಗೆ ಸೇರಿಸಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮಂಚಯ್ಯನವರು ಸಿಕ್ಕರೆ ಅವರಿಗೂ. ನಿನಗೆ ಈ ಮನೆಯ ಒಳ್ಳೆಯದೆಲ್ಲ ಮುಟ್ಟಲಿ.

ನಿನ್ನ
ಅಕ್ಕ

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಹದಿಮೂರು ಕಡ್ಡಿ ನಿಂತಿವೆ, ಗರಿ ಮಾತ್ರ ಒಂದು ದಿನ ಮುರಿಯುತ್ತದೆ, ಒಂದು ದಿನ ಒಣಗಿ ಸಡಿಲವಾಗುತ್ತದೆ. “ಎಷ್ಟೊತ್ತು ನೆನೀಬೇಕು ಅಂತ ಅವಳ್ನ ಕೇಳಿ ಬರಿ” ಅಂದರು. ಬೆರಳಿಗೆ ಸುತ್ತಿದರೆ ಬಿರಿಯದಷ್ಟು, ಹಿಂಡಿದರೆ ನೀರು ಬಾರದಷ್ಟು. ನಾಲ್ಕು ವರ್ಷ ನಿನ್ನೆದುರು ಕುಳಿತವಳಿಗೆ ಅದು ಗೊತ್ತಿಲ್ಲವೇ? ಆದರೂ ನನಗೆ ಗೊತ್ತಿಲ್ಲ ಅಪ್ಪ, ಅವಳನ್ನೇ ಕೇಳಬೇಕು ಎಂದೆ. ಈಗ ಬಕೆಟ್ಟಿನಲ್ಲಿ ಗರಿ ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದಾರೆ.