ಆಗದ ಲಗ್ನಕ್ಕೆ ಅಕ್ಕಿಕಾಳು ಹಾಕಿದವರು

ಮಾನ್ಯ ಠಾಣಾಧಿಕಾರಿಗಳೇ,

ಒಂದೇ ಲಗ್ನದ ಬಗ್ಗೆ ತಾವು ಎರಡು ಕಾಗದ ಬರೆದಿದ್ದೀರಿ. ಮೊದಲನೆಯದು ಶಿವಗಂಗವ್ವನಿಗೆ: ನಿನ್ನ ಗಂಡ ಎರಡನೇ ಲಗ್ನವಾದ ಬಗ್ಗೆ ಯಾವ ಆಧಾರವೂ ಇಲ್ಲ, ಆದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಎರಡನೆಯದು ನಮ್ಮ ಮಹಿಳಾ ಮಂಡಳದ ನಾಲ್ವರಿಗೆ: ಅದೇ ಎರಡನೇ ಲಗ್ನಕ್ಕೆ ಹಾಜರಿದ್ದು ಕುಮ್ಮಕ್ಕು ಕೊಟ್ಟಿದ್ದೀರಿ, ಠಾಣೆಗೆ ಬಂದು ಜವಾಬು ಕೊಡಿ. ಎರಡರ ಕೆಳಗೂ ತಮ್ಮದೇ ಸಹಿ, ತಮ್ಮದೇ ಶಿಕ್ಕಾ. ಆಗದೇ ಇರುವ ಲಗ್ನಕ್ಕೆ ನಾವು ಕುಮ್ಮಕ್ಕು ಕೊಟ್ಟದ್ದಾದರೂ ಹೇಗೆ? ಠಾಣೆಯಲ್ಲಿ ನಿಂತು ಕೇಳಿದರೆ ತಾವು ಫೋನು ಎತ್ತಿಕೊಳ್ಳುತ್ತೀರಿ. ಅದಕ್ಕೇ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ನಾವು ಯಾರೆಂದು ತಮಗೆ ಗೊತ್ತು, ಓದುವವರಿಗೆ ಹೇಳಬೇಕು. ಕಬ್ಬೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೆಲವು ವರ್ಷಗಳಿಂದ ಮಂಡಳ ನಡೆಸುತ್ತಿದ್ದೇವೆ. ಪಗಾರವಿಲ್ಲ, ಭತ್ಯೆಯಿಲ್ಲ. ಬಾಲವಾಡಿ ತೆರೆದೆವು, ಕೂಸುಗಳಿಗೆ ಲಸಿಕೆ ಹಾಕಿಸಿದೆವು, ಮನೆಮನೆಗೆ ಹೊಗೆಯಿಲ್ಲದ ಒಲೆ ಕಟ್ಟಿಸಿದೆವು. ಅಲ್ಲಿಯವರೆಗೆ ನಾವು ತಾಯಂದಿರು, ಅಕ್ಕಂದಿರು. ಸ್ವಾತಂತ್ರ್ಯ ದಿನದಂದು ತಾವೇ ಬಂದು ನಮ್ಮ ಗುಣಗಾನ ಮಾಡಿದಿರಿ. ಹೋದ ವರ್ಷ ನಿಪ್ಪಾಣಿಯ ಶಿಬಿರದಲ್ಲಿ ಒಬ್ಬ ವಕೀಲಬಾಯಿ ನಮಗೆ ಕಾಯ್ದೆ ತಿಳಿಸಿ ಹೇಳಿದರು. ಹೆಂಡತಿ ಬದುಕಿರುವಾಗ, ಕೋರ್ಟಿನಲ್ಲಿ ಸಂಬಂಧ ಹರಿಯದೆ, ಗಂಡ ಇನ್ನೊಂದು ಲಗ್ನವಾಗುವುದು ಅಪರಾಧ ಎಂದರು. ನಾವು ನಂಬಿಬಿಟ್ಟೆವು. ಒಲೆಯ ಮಾತು ಬಿಟ್ಟು ಕಾಯ್ದೆಯ ಮಾತು ಎತ್ತಿದ್ದೇ ತಡ, ಅಕ್ಕಂದಿರು ಹೋಗಿ ತಲೆಹರಟೆ ಹೆಂಗಸರಾದೆವು.

ಶಿವಗಂಗವ್ವ ನಮ್ಮ ಮಂಡಳದವಳು. ಇಬ್ಬರು ಹೆಣ್ಣುಮಕ್ಕಳ ತಾಯಿ. ಗಂಡ ಧರೆಪ್ಪನಿಗೆ ಕಬ್ಬಿನ ಹೊಲವಿದೆ, ಬಾವಿಗೆ ಪಂಪುಸೆಟ್ಟಿದೆ, ಗಂಡುಮಗನಿಲ್ಲ. ಆ ಕೊರತೆ ನೀಗಿಸಲು ರಾಯಬಾಗದ ಕಡೆಯ ಹುಡುಗಿಯನ್ನು ಗೊತ್ತು ಮಾಡಿದ. ಸುದ್ದಿ ತಿಳಿದ ಕೂಡಲೇ ನಾವು ಶಿವಗಂಗವ್ವನನ್ನು ಕರೆದುಕೊಂಡು ತಮ್ಮ ಹತ್ತಿರ ಬಂದೆವು, ತಡೆಯಿರಿ ಎಂದೆವು. ತಾವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಅಲ್ರಿ ಬಾಯಾರ, ಲಗ್ನ ಇನ್ನೂ ಆಗೇ ಇಲ್ಲ. ಆಗದ ಗುನ್ಹೆಕ್ಕ ಯಾರನ್ನ ಹಿಡೀಲಿ? ಆಗಲಿ ತಡೀರಿ. ಆದ ಮ್ಯಾಲ, ಕಣ್ಣಿಲೆ ಕಂಡಾವ್ರನ್ನ ಕರಕೊಂಡ ಬರ್ರಿ. ಮತ್ತ ಅಲ್ಲಿ ಹೋಗಿ ಗದ್ದಲ ಗಿದ್ದಲ ಮಾಡಿದ್ರಿ ಅಂದ್ರ ನಿಮ್ಮನ್ನ ಒಳಗ ಹಾಕಬೇಕಾಗತೈತಿ."

ಇದು ತಮ್ಮ ಸಲಹೆ. ಮನೆಗೆ ಬೆಂಕಿ ಹಚ್ಚಲು ಬಂದವನನ್ನು ತೋರಿಸಿದರೆ, ಪೂರ್ತಿ ಸುಡಲಿ, ಬೂದಿ ತಗೊಂಡು ಬಾ ಎಂದ ಹಾಗೆ. ಹೋಗಲಿ, ಒಪ್ಪಿಕೊಂಡೆವು. ಆದರೆ ಕಣ್ಣಿಲೆ ಕಂಡವರು ಎಲ್ಲಿ ಸಿಗಬೇಕು? ಲಗ್ನಕ್ಕೆ ಹೋದವರು ಉಂಡಿರುತ್ತಾರೆ, ಆಹೇರಿಯ ಉಡುಗೊರೆ ಕೊಟ್ಟಿರುತ್ತಾರೆ, ಬೀಗರಾಗಿರುತ್ತಾರೆ. ಅವರಲ್ಲಿ ಯಾರು ಬಂದು ತಮ್ಮ ಮುಂದೆ ಬಾಯಿ ಬಿಡುತ್ತಾರೆ? ನಮ್ಮ ಮಂಡಳದ ಹಿರಿಯಳು ಗಿರಿಜವ್ವ ದಾರಿ ತೋರಿಸಿದಳು.

"ನಮಗೇನ ಕಣ್ಣಿಲ್ಲೇನು? ನಾವ ಹೋಗಿ ಮುಂದ ಕುಂದರೂಣು."

ನಾಲ್ವರು ಹೋದೆವು. ಊಟ ಮಾಡಬಾರದು, ಆಹೇರಿ ಕೊಡಬಾರದು, ಕುಂಕುಮ ಹಚ್ಚಿಸಿಕೊಳ್ಳಬಾರದು ಎಂದು ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು. ಗುಡಿಯ ಮುಂದೆ ಹಂದರ, ಮೈಕು, ವಾಜಂತ್ರಿ, ಬುಂದೆ ಕರಿಯುವ ವಾಸನೆ. ಹೆಣ್ಣಿನ ತಾಯಿಯನ್ನು ಪಕ್ಕಕ್ಕೆ ಕರೆದು, ಮೊದಲ ಹೆಂಡತಿ ಮನೆಯಲ್ಲೇ ಇದ್ದಾಳೆ ಎಂದು ಕಿವಿಯಲ್ಲಿ ಹೇಳಿದೆ. "ಸೋಡಚೀಟಿ ಕೊಟ್ಟ ಸಂಬಂಧ ಹರಕೊಂಡಾನಂತ ಹೇಳ್ಯಾರಲ್ರಿ," ಎಂದು ಆಕೆ ನನ್ನನ್ನೇ ಅನುಮಾನದಿಂದ ನೋಡಿದಳು. ಅಷ್ಟರಲ್ಲಿ ಯಾರೋ ಆಕೆಯನ್ನು ಎಳೆದುಕೊಂಡು ಹೋದರು. ಧರೆಪ್ಪ ನಮ್ಮನ್ನು ಕಂಡು ಹಲ್ಲು ಕಡಿದ. ಆದರೆ ಬಾಸಿಂಗ ಕಟ್ಟಿಕೊಂಡವನು ಜಗಳಕ್ಕೆ ಬರುವಂತಿಲ್ಲ. ನಾವು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತೆವು.

ಎಲ್ಲವನ್ನೂ ಯೋಚಿಸಿದ್ದ ನಾವು ಅಕ್ಕಿಕಾಳನ್ನು ಮರೆತಿದ್ದೆವು. ಒಬ್ಬ ಹೆಣ್ಣುಮಗಳು ಬುಟ್ಟಿ ಹಿಡಿದು ಎಲ್ಲರ ಅಂಗೈಗೂ ಹಾಕುತ್ತ ಬಂದಳು. ಬೇಡ ಎನ್ನುವುದು ಹೇಗೆಂದು ತಿಳಿಯದೆ ನಾವೂ ಕೈಯೊಡ್ಡಿದೆವು. ಅಂತರಪಟ ಸರಿಯಿತು, "ಸಾವಧಾನ" ಎಂದು ಮೈಕಿನಲ್ಲಿ ಕೂಗಿದರು, ವಾಜಂತ್ರಿ ಬಡಿಯಿತು, ಗಿರಿಜವ್ವ ತನ್ನ ಅಕ್ಕಿಕಾಳನ್ನು ಮದುಮಕ್ಕಳ ಮೇಲೆ ಎಸೆದಳು. ಸುಮ್ಮನೆ ಉದುರಿಸಲಿಲ್ಲ, ತವರಿನ ಮಗಳ ಲಗ್ನದಲ್ಲಿ ಎಸೆದಂತೆ ಎಸೆದಳು. ಎಸೆದ ಮೇಲೆ ತನ್ನ ಕೈಯನ್ನೇ ನೋಡಿಕೊಂಡಳು. ಬರುವಾಗ ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ಕೈ ತಾನ ಎದ್ದಿತವ್ವಾ. ಹುಟ್ಟಿದಾಗಿಂದ ಹಾಕೇತಿ ಅದು. ವಾಜಂತ್ರಿ ಬಡದ್ರ ಹೆಂಗ ಸುಮ್ಮ ಕುಂದರತೈತಿ?"

ಮರುದಿನ ತಮ್ಮ ಠಾಣೆಗೆ ಬಂದೆವು. ಕಂಡದ್ದನ್ನು ಹೇಳಿ ಎಂದಿರಿ. ಗಿರಿಜವ್ವ ಎಲ್ಲವನ್ನೂ ಹೇಳಿದಳು, ಅಕ್ಕಿಕಾಳನ್ನೂ ಸೇರಿಸಿ.

"ಅಂದ್ರ ನೀನೂ ಹಾಕಿದಿ?" ಎಂದು ತಾವು ಪೆನ್ನು ಕೆಳಗಿಟ್ಟಿರಿ.

"ಹಾಕೀನ್ರಿ ಸಾಹೇಬ್ರ. ಸುಳ್ಳ್ಯಾಕ ಹೇಳಲಿ?"

ತಮ್ಮ ಮುಖ ಅರಳಿದ್ದು ಅಲ್ಲಿಯೇ. ಧರೆಪ್ಪನ ಬಗ್ಗೆ ಕೇಳುವುದನ್ನು ನಿಲ್ಲಿಸಿ ತಾವು ಗಿರಿಜವ್ವನ ವಿಚಾರಣೆ ಶುರು ಮಾಡಿದಿರಿ. ಸಾಕ್ಷಿ ಹೇಳಲು ಬಂದವಳು ಕುರ್ಚಿಯಿಂದ ಏಳುವುದರೊಳಗೆ ಆರೋಪಿಯಾದಳು, ಜೊತೆಗೆ ಬಂದ ನಾವು ಮೂವರೂ ಆದೆವು. ಸುಳ್ಳು ಹೇಳಿದ್ದರೆ ಆಕೆ ಸಾಕ್ಷಿಯಾಗಿಯೇ ಉಳಿಯುತ್ತಿದ್ದಳು. ಧರೆಪ್ಪನನ್ನೂ ಕರೆಸಿದಿರಿ. ಅದು ಲಗ್ನವಲ್ಲ, ಗುಡಿಯಲ್ಲಿ ಹರಕೆಯ ಕಾರ್ಯ ಎಂದ. ಅವನಿಗೆ ಚಹಾ ತರಿಸಿದಿರಿ, ನಂಬಿದಿರಿ. ನಮ್ಮನ್ನು ಮಾತ್ರ, "ಸಪ್ತಪದಿ ತುಳದದ್ದು ನೋಡೀರೇನು?" ಎಂದು ಕೇಳಿದಿರಿ. ಆ ಏಳು ಹೆಜ್ಜೆ ಇಡದಿದ್ದರೆ ಕಾಯ್ದೆಯ ಕಣ್ಣಿಗೆ ಅದು ಲಗ್ನವೇ ಅಲ್ಲ ಎಂದಿರಿ.

ಇಲ್ಲ, ನೋಡಿಲ್ಲ. ಧರೆಪ್ಪನ ಮನೆತನದಲ್ಲಿ ಯಾರೂ ಸಪ್ತಪದಿ ತುಳಿದವರಲ್ಲ. ಅವನ ಅಪ್ಪ ತುಳಿದಿಲ್ಲ, ಶಿವಗಂಗವ್ವನನ್ನು ತಂದಾಗ ಅವನೂ ತುಳಿದಿಲ್ಲ. ಈ ಸೀಮೆಯ ಎಷ್ಟೋ ಜನರಲ್ಲಿ ಆ ಪದ್ಧತಿಯೇ ಇಲ್ಲ. ಹಾಗಾದರೆ ಚಿಕ್ಕೋಡಿ, ರಾಯಬಾಗ, ಅಥಣಿಯ ಅಷ್ಟೂ ಮನೆಗಳಲ್ಲಿ ಲಗ್ನವಾಗದವರೇ ಸಂಸಾರ ಮಾಡುತ್ತಿದ್ದಾರೆಯೇ? ಆಸ್ತಿ ಹಂಚುವಾಗ, ಪಡಿತರ ಚೀಟಿ ಕೊಡುವಾಗ ಸರ್ಕಾರ ಯಾರ ಹೆಜ್ಜೆಯನ್ನೂ ಕೇಳುವುದಿಲ್ಲ. ಗಂಡ ಎರಡನೆಯವಳನ್ನು ತಂದಾಗ ಮಾತ್ರ ಹೆಜ್ಜೆ ಬೇಕಾಗುತ್ತದೆ, ಅದನ್ನು ತೋರಿಸಬೇಕಾದವಳು ಹೊರಬಿದ್ದ ಹೆಂಡತಿಯೇ. ಇದು ತಾವು ಬರೆದ ಕಾಯ್ದೆಯಲ್ಲ ಎಂದು ಬಲ್ಲೆ. ಆದರೆ ಅದರ ನೆರಳಿನಲ್ಲಿ ತಾವು ಎಷ್ಟು ಆರಾಮಾಗಿ ಕೂತಿದ್ದೀರಿ ಎಂದು ನೋಡಿದರೆ ಸಿಟ್ಟು ತಲೆಗೇರುತ್ತದೆ.

ಶಿವಗಂಗವ್ವ ಈಗ ಬಾಲವಾಡಿಯ ಕೋಣೆಯಲ್ಲಿದ್ದಾಳೆ. ಅವಳ ಹೆಸರಿಗೆ ಮನೆಗೆ ಬಂದ ತಮ್ಮ ಕಾಗದ ತನ್ನ ಕೈಗೆ ಸಿಕ್ಕ ದಿನವೇ ಧರೆಪ್ಪ ಅವಳನ್ನೂ ಮಕ್ಕಳನ್ನೂ ಹೊರಗೆ ಹಾಕಿ ಬಾಗಿಲು ಹಾಕಿಕೊಂಡ. ಅವಳಿಗೆ ಗಂಡ ಬೇಕಿಲ್ಲ. "ಆ ಮನಿ ಗ್ವಾಡಿಗೆ ಮಣ್ಣ ಮೆತ್ತಿದಾಕಿ ನಾ. ನನ್ನ ಮಕ್ಕಳ ಅಲ್ಲೇ ಬೆಳೀಬೇಕು," ಎನ್ನುತ್ತಾಳೆ. ಅವಳು ಕೇಳುವುದು ಇಷ್ಟೇ. ಮುಂಜಾನೆ ಬಾಲವಾಡಿಯ ಕೂಸುಗಳು ಬರುವ ಮೊದಲು ಹಾಸಿಗೆ ಸುತ್ತಿಡುತ್ತಾಳೆ.

ಹೋದ ಶುಕ್ರವಾರ ಮಂಡಳದ ಸಭೆ ನಡೆದಾಗ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಆ ದಿನದ ಮದುಮಗಳು, ಕಸ್ತೂರೆವ್ವ. ಧರೆಪ್ಪ ತಮ್ಮ ಕಾಗದವನ್ನು ಊರೆಲ್ಲ ತೋರಿಸಿಕೊಂಡು ತಿರುಗಿದ್ದ, ಅದು ಅವಳ ಕಿವಿಗೂ ಬಿದ್ದಿತ್ತು.

"ಅದು ಲಗ್ನ ಅಲ್ಲಂತ ಸಾಹೇಬ್ರು ಬರದಾರಂತಲ್ರಿ," ಎಂದಳು. "ಹಂಗಾರ ನಾ ಆ ಮನ್ಯಾಗ ಯಾರ್ರಿ?"

ಶಿವಗಂಗವ್ವ ಚಾಪೆಯ ಮೇಲೆ ಸರಿದು, "ಕುಂದರ ಬಾ," ಎಂದಳು.

ಮಾನ್ಯರೇ, ನಮ್ಮ ಬೇಡಿಕೆ ಸರಳವಾಗಿದೆ. ಲಗ್ನ ಆಗಿದೆಯೋ ಇಲ್ಲವೋ, ಒಂದನ್ನು ಬರೆಯಿರಿ. ಆಗಿದ್ದರೆ ಧರೆಪ್ಪನ ಮೇಲಿನ ದೂರನ್ನು ಸಾಕ್ಷಿಗಳ ಹೇಳಿಕೆಯೊಂದಿಗೆ ಕೋರ್ಟಿಗೆ ಮುಟ್ಟಿಸಿ, ಆಮೇಲೆ ಬೇಕಾದರೆ ಗಿರಿಜವ್ವನ ಕೈಗೂ ಬೇಡಿ ಹಾಕಿ. ಆಗಿಲ್ಲದಿದ್ದರೆ ನಮ್ಮ ನೋಟೀಸನ್ನು ಹರಿದುಹಾಕಿ. ಯಾವ ಪದ್ಧತಿಯಲ್ಲೇ ಆಗಲಿ, ಜನರ ಮುಂದೆ ಆದ ಲಗ್ನವನ್ನು ಲಗ್ನವೆಂದೇ ಕಾಯ್ದೆ ಎಣಿಸಬೇಕು ಎಂದು ಮಂಡಳ ಠರಾವು ಮಾಡಿದೆ, ಅದನ್ನು ಮೇಲಿನವರಿಗೆ ಕಳಿಸಿಕೊಡಿ.

ಸೋಮವಾರ ಮುಂಜಾನೆ ನಾವು ಮತ್ತೆ ಬರುತ್ತೇವೆ. ತಾವು ಕೇಳಿದ್ದ ಸಾಕ್ಷಿ ಸಿಕ್ಕಿದ್ದಾಳೆ. ಲಗ್ನವಾಯಿತು ಎಂದು ಕಸ್ತೂರೆವ್ವ ತಾನೇ ಹೇಳುತ್ತಾಳೆ. ಹಾಗೆ ಹೇಳಿದರೂ ಅವಳ ಲಗ್ನ ಕಾಯ್ದೆಯಲ್ಲಿ ನಿಲ್ಲುವುದಿಲ್ಲ, ಆ ಮನೆ ಅವಳ ಕೈತಪ್ಪುತ್ತದೆ ಎಂದು ನಾನು ಎರಡೆರಡು ಸಲ ತಿಳಿಸಿ ಹೇಳಿದೆ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು.

"ಹೋದ್ರ ಹೋಗಲಿ ಬಿಡ್ರಿ," ಎಂದಳು. "ಆಗಿದ್ದ ಆಗೇತಿ ಅಂತ ಒಬ್ಬರರ ಬರಕೊಳ್ಳಲಿ."

ಇಂತಿ,
ತಮ್ಮ ಠಾಣೆಯ ನಾಲ್ಕು ಆರೋಪಿಗಳಲ್ಲಿ ಬರೆಯಲು ಬಲ್ಲ ಒಬ್ಬಳು,
ಆ ಲಗ್ನದ ಬುಂದೆಯನ್ನೂ ತಿನ್ನದೆ ಬಂದ
ರಾಜಮತಿ